ಇಚ್ಛೆಯಿದ್ದರೂ ಏಳದ ಹೆಜ್ಜೆ

ಕಳೆದ ಶ್ರಾವಣದ ಒಂದು ಸೋಮವಾರ ಮಠದ ದಾಸೋಹ ಮನೆಯ ಬಾಗಿಲಲ್ಲಿ ಹಿರಿಯರೊಬ್ಬರು ತಟ್ಟನೆ ನಿಂತುಬಿಟ್ಟರು. ಅಂಗಳದಲ್ಲಿ ಸಾವಕಾಶವಾಗಿ ನಡೆದು ಬಂದವರಿಗೆ ಹೊಸ್ತಿಲ ಬಳಿ ಪಾದಗಳೆರಡೂ ನೆಲಕ್ಕೆ ಅಂಟಿದಂತಾದವು. ಹಿಂದೆ ಸಾಲು ಬೆಳೆಯಿತು. ಯಾರೋ ಗದರಿದರು. ಜೊತೆಯಲ್ಲಿದ್ದ ಮಗ ನಾಚಿಕೆಯಿಂದ ತಂದೆಯ ರಟ್ಟೆ ಹಿಡಿದು ಎಳೆಯುತ್ತ, “ಇಷ್ಟೊತ್ತು ಚೊಲೋನ ನಡೀತಿದ್ರು. ನಾಲ್ಕು ಮಂದಿ ಎದುರಿಗೆ ಬಂದ್ರ ಹಠಾ ಮಾಡ್ತಾರ್ರೀ” ಎಂದ. ನಾನು ಕೈಯಲ್ಲಿದ್ದ ಛತ್ರಿಯನ್ನು ಮಡಿಸಿ ಅವರ ಪಾದಗಳ ಮುಂದೆ ಅಡ್ಡವಾಗಿ ಹಿಡಿದು, “ಇದನ್ನ ದಾಟಿ ಬರ್ರಿ, ಕಾಕಾ” ಎಂದೆ. ಅವರು ಛತ್ರಿಯನ್ನು ನೋಡಿದರು, ಕಾಲೆತ್ತಿ ದಾಟಿದರು, ಒಳಗೆ ಹೋಗಿ ಪಂಕ್ತಿಯಲ್ಲಿ ಕುಳಿತರು.

ಸುತ್ತಲಿದ್ದ ಕೆಲವರು ಇದನ್ನು ಪವಾಡವೆಂದರು. ಪವಾಡವಲ್ಲ. ಮಗ ಹೇಳಿದಂತೆ ಅದು ಹಠವೂ ಆಗಿರಲಿಲ್ಲ. ಅದು ಪಾರ್ಕಿನ್ಸನ್ ಕಾಯಿಲೆ.

ನೀರಿನ ಲೋಟವನ್ನು ಎತ್ತಿಕೊಳ್ಳಬೇಕೆಂದು ಬಯಸಿದೊಡನೆ ಕೈ ಮುಂದೆ ಚಾಚುತ್ತದೆ. ಬಯಕೆಗೂ ಕ್ರಿಯೆಗೂ ನಡುವೆ ಏನೂ ಇಲ್ಲವೆಂದೇ ನಮಗೆ ತೋರುತ್ತದೆ. ಆದರೆ ಆ ಕ್ಷಣಾರ್ಧದಲ್ಲಿ ಮಿದುಳಿನೊಳಗೆ ದೊಡ್ಡ ವ್ಯವಹಾರವೇ ನಡೆದಿರುತ್ತದೆ. ಮಿದುಳಿನ ಹೊರಪದರದಲ್ಲಿ ಚಲನೆಗೆಂದೇ ಮೀಸಲಾದ ಒಂದು ಪಟ್ಟಿಯಿದೆ. ಅಲ್ಲಿಂದ ಹೊರಟ ನರತಂತುಗಳಲ್ಲಿ ಹೆಚ್ಚಿನವು ಮಿದುಳುಕಾಂಡದ ಕೆಳತುದಿಯಲ್ಲಿ ಎಡಬಲ ಅದಲುಬದಲಾಗಿ ಬೆನ್ನುಹುರಿಗೆ ಇಳಿಯುತ್ತವೆ. ಆದ್ದರಿಂದಲೇ ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಸೋಲುತ್ತದೆ. ಚಲನೆಯ ಅಳತೆ, ಹದ ತಪ್ಪದಂತೆ ನೋಡಿಕೊಳ್ಳುವುದು ಹಿಂಬದಿಯ ಅನುಮಸ್ತಿಷ್ಕ. ಇವೆರಡನ್ನೂ ಬಹಳ ಜನ ಕೇಳಿಬಲ್ಲರು. ನಾನು ಹೇಳಬೇಕಾದದ್ದು ಮೂರನೆಯದರ ವಿಷಯ.

ಮಿದುಳಿನ ಒಳಗರ್ಭದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಇವು ಸ್ನಾಯುಗಳಿಗೆ ನೇರವಾಗಿ ಆಜ್ಞೆ ಕೊಡುವುದಿಲ್ಲ, ತಡೆಯುತ್ತವೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಸಾವಿರ ಕೈಗಳು ಸೇರಿರುತ್ತವೆ. ಆದರೆ ಗಾಲಿಯ ಬುಡದಲ್ಲಿ ಮರದ ತಡೆ ಹಿಡಿದವರು ನಾಲ್ಕೇ ಮಂದಿ. ಅವರು ತಡೆಯನ್ನು ಸರಿಸದಿದ್ದರೆ ಸಾವಿರ ಜನ ಎಳೆದರೂ ತೇರು ಕದಲದು. ಹೊತ್ತಲ್ಲದ ಹೊತ್ತಿನಲ್ಲಿ ಸರಿಸಿದರೆ ಎತ್ತಲೋ ನುಗ್ಗುತ್ತದೆ. ಬೇಸಲ್ ಗ್ಯಾಂಗ್ಲಿಯಾ ಮಾಡುವುದು ಈ ನಾಲ್ವರ ಕೆಲಸವನ್ನೇ. ಸುಮ್ಮನಿರುವಾಗ ಎಲ್ಲ ಚಲನೆಗಳಿಗೂ ತಡೆಯಿರುತ್ತದೆ. ನಾವು ಬಯಸಿದ ಒಂದು ಚಲನೆಗೆ ಮಾತ್ರ ಅದು ಸಡಿಲಗೊಳ್ಳುತ್ತದೆ, ಉಳಿದವುಗಳಿಗೆ ಬಿಗಿಯಾಗಿಯೇ ಇರುತ್ತದೆ. ಹೀಗೆ ಸಡಿಲಿಸಲು ಬೇಕಾದ ದ್ರವ್ಯವೇ ಡೋಪಮಿನ್. ಮಿದುಳುಕಾಂಡದಲ್ಲಿರುವ ಕಪ್ಪುಛಾಯೆಯ ಒಂದು ಚಿಕ್ಕ ಭಾಗದ ಕೋಶಗಳು ಅದನ್ನು ತಯಾರಿಸುತ್ತವೆ. ಈ ಕೋಶಗಳು ಅಳಿಯುತ್ತ ಹೋಗುವುದೇ ಪಾರ್ಕಿನ್ಸನ್ ಕಾಯಿಲೆ. ಇಚ್ಛೆ ಇದೆ, ಸ್ನಾಯುವಿನಲ್ಲಿ ಬಲವೂ ಇದೆ, ತಡೆ ಸರಿಯುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಲಕ್ಷಣಗಳನ್ನು ಬರೆದಿಟ್ಟನು. ನಮ್ಮ ಚರಕಸಂಹಿತೆ ಎಂಬತ್ತು ವಾತವಿಕಾರಗಳಲ್ಲಿ ವೇಪಥು, ಎಂದರೆ ನಡುಕವನ್ನು ಎಣಿಸಿದೆ. ನಡಿಗೆ, ಅಂಗಗಳ ಚಾಚುವಿಕೆ, ರೆಪ್ಪೆ ಬಡಿಯುವುದು ಇವೆಲ್ಲ ವ್ಯಾನವಾಯುವಿನ ಕಾರ್ಯಗಳೆಂದೂ ಹೇಳಿದೆ. ಈ ರೋಗಿಗಳಲ್ಲಿ ನಡಿಗೆಯ ಜೊತೆಗೆ ರೆಪ್ಪೆ ಬಡಿತವೂ ಕಡಿಮೆಯಾಗುವುದನ್ನು ನೋಡಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಹಾಗೆಂದು ಡೋಪಮಿನ್ ನಮ್ಮ ಆಚಾರ್ಯರಿಗೆ ತಿಳಿದಿತ್ತೆಂದು ಸಾಧಿಸಲು ನಾನು ಹೊರಟಿಲ್ಲ. ಅದು ಅವರಿಗೂ ಗೌರವವಲ್ಲ.

ನನ್ನ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಬಲಭುಜದ ನೋವೆಂದು ಬಂದರು. ನಾನು ವಾತವೆಂದು ನಿಶ್ಚಯಿಸಿ ಎಂಟು ತಿಂಗಳು ಎಣ್ಣೆ ತಿಕ್ಕಿಸಿದೆ, ಶಾಖ ಕೊಡಿಸಿದೆ. ಒಂದು ದಿನ ಅವರ ಶ್ರೀಮತಿಯವರು, “ಡಾಕ್ಟರೆ, ನಡೆಯುವಾಗ ಇವರು ಒಂದೇ ಕೈ ಬೀಸ್ತಾರ, ನೀವು ನೋಡಿಲ್ಲೇನ್ರಿ?” ಎಂದರು. ನಾನು ನೋಡಿರಲಿಲ್ಲ. ಕರಿಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದವರ ಅಕ್ಷರ ಸಾಸಿವೆಯಷ್ಟು ಚಿಕ್ಕದಾಗಿತ್ತು. ಅದನ್ನೂ ನಾನು ಕೇಳಿರಲಿಲ್ಲ. ಕೈ ನಡುಗದಿದ್ದುದರಿಂದ ನನಗೆ ಸಂಶಯವೇ ಬರಲಿಲ್ಲ. ನಡುಕವಿಲ್ಲದೆಯೂ ಈ ರೋಗ ಇರಬಲ್ಲದು. ನಡುಗಿದರೂ ಕೈ ತೊಡೆಯ ಮೇಲೆ ಸುಮ್ಮನಿರುವಾಗಲೇ ಹೆಚ್ಚು. ಬಟ್ಟಲು ಎತ್ತುವಾಗ ಮಾತ್ರ ಕಾಣುವ ನಡುಕ ಬಹುಮಟ್ಟಿಗೆ ಬೇರೆಯದು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ಒಂದು ಇದ್ದಮಾತ್ರಕ್ಕೆ ಯಾರೂ ಹೆದರಬೇಕಾಗಿಲ್ಲ.

ಈ ರೋಗದ ಚಿಕಿತ್ಸೆ ಬೆಳೆದುಬಂದ ಹಾದಿಯಲ್ಲಿ ನಮ್ಮ ನೆಲದ ಎರಡು ಮೂಲಿಕೆಗಳಿವೆ. ಮೊದಲನೆಯದು ಸರ್ಪಗಂಧ. ಅದರಿಂದ ರಕ್ತದೊತ್ತಡ ಇಳಿಯುವುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಜಗತ್ತಿಗೆ ತೋರಿಸಿದರು. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಪ್ರತ್ಯೇಕಿಸಲಾಯಿತು. ಅದು ಮಿದುಳಿನ ಡೋಪಮಿನ್ ಸಂಗ್ರಹವನ್ನು ಬರಿದುಮಾಡುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರೆಸರ್ಪಿನ್ ಕೊಟ್ಟ ಮೊಲಗಳು ಕಲ್ಲಿನಂತೆ ಕುಳಿತದ್ದನ್ನೂ, ಎಲ್-ಡೋಪಾ ಕೊಟ್ಟೊಡನೆ ಮತ್ತೆ ಓಡಾಡಿದ್ದನ್ನೂ ಕಂಡರು. ಆ ಸಾಲಿನ ಸಂಶೋಧನೆಗೆ 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇನ್ನೊಂದು ಮೂಲಿಕೆ ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಸುಗುನ್ನಿ, ಶಾಸ್ತ್ರದ ಕಪಿಕಚ್ಛು. ಅದರ ಬೀಜದಲ್ಲಿ ಇದೇ ಎಲ್-ಡೋಪಾ ಇದೆಯೆಂದು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ತೋರಿಸಿದ್ದರು. ಬರಿದುಮಾಡುವುದೂ ನಮ್ಮ ಹಿತ್ತಲಿನದೇ, ತುಂಬುವುದೂ ನಮ್ಮ ಹಿತ್ತಲಿನದೇ!

ಇದನ್ನು ಕೇಳಿದವರು ಕೂಡಲೇ ಅಂಗಡಿಗೆ ಹೋಗಿ ನಸುಗುನ್ನಿ ಚೂರ್ಣ ತರುತ್ತಾರೆ. ನನಗೆ ಭಯ ಅಲ್ಲಿಯೇ. ಚೂರ್ಣದಿಂದ ಚೂರ್ಣಕ್ಕೆ ಎಲ್-ಡೋಪಾದ ಪ್ರಮಾಣ ಬೇರೆಯಾಗುತ್ತದೆ. ನರರೋಗ ತಜ್ಞರು ಕೊಟ್ಟ ಮಾತ್ರೆಯಲ್ಲಿರುವುದೂ ಅದೇ ದ್ರವ್ಯ. ಎರಡೂ ಸೇರಿದರೆ ತಲೆಸುತ್ತು, ಭ್ರಮೆ, ಅಂಗಾಂಗಗಳ ಅನೈಚ್ಛಿಕ ಚಲನೆ ಉಂಟಾಗಬಹುದು. ಚೂರ್ಣವನ್ನು ನಂಬಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯ. ಜ್ವರವೇರಿ, ದೇಹ ಮರಗಟ್ಟಿ ಪ್ರಾಣಕ್ಕೇ ಕುತ್ತು ಬರಬಲ್ಲದು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಇಬ್ಬರು ವೈದ್ಯರಿಗೂ ತಿಳಿಯದ ಔಷಧ ಮನೆಯಲ್ಲಿ ಇರಬಾರದು. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಸಾಮಾನ್ಯವಾಗಿ ಒಳ್ಳೆಯದು. ಬೇಳೆ, ಹಾಲುಗಳ ಪ್ರೋಟೀನು ಅದರ ಹೀರುವಿಕೆಗೆ ಅಡ್ಡಬರುತ್ತದೆ.

ಔಷಧದಿಂದಲೇ ಈ ರೋಗದಂಥ ಸ್ಥಿತಿ ಬರುವುದೂ ಉಂಟು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಹೊಟ್ಟೆಯುಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್ ಇವುಗಳನ್ನು ವೃದ್ಧರು ಹಳೆಯ ಚೀಟಿ ಹಿಡಿದು ತಿಂಗಳುಗಟ್ಟಲೆ ನುಂಗುತ್ತಾರೆ. ವೈದ್ಯರು ಅದನ್ನು ಗುರುತಿಸಿ ನಿಲ್ಲಿಸಿದರೆ ಬಹಳ ಮಂದಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ತಜ್ಞರ ಬಳಿಗೆ, ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಹತ್ತಿರದ ನರರೋಗ ವಿಭಾಗಕ್ಕಾಗಲಿ, ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ, ಚೂರ್ಣಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿರಿ.

ಇನ್ನು ಛತ್ರಿಯ ವಿಷಯ. ರೂಢಿಯಿಂದ ತಾನಾಗಿ ನಡೆಯುವ ನಡಿಗೆ ಬೇಸಲ್ ಗ್ಯಾಂಗ್ಲಿಯಾವನ್ನು ಬಹಳವಾಗಿ ಅವಲಂಬಿಸಿದೆ. ಕಣ್ಣೆದುರಿನ ಗುರಿಯನ್ನು ನೋಡಿ ಇಡುವ ಹೆಜ್ಜೆಗೆ ಮಿದುಳಿನ ಹೊರಪದರದ ಬೇರೆ ಹಾದಿಗಳು ಒದಗಿಬರುತ್ತವೆ. ಮುಖ್ಯರಸ್ತೆ ಮುಚ್ಚಿದಾಗ ಹೊಲದ ದಾರಿ ಹಿಡಿದಂತೆ. ತಾಳವೂ ಹೀಗೆಯೇ ನೆರವಾಗುತ್ತದೆ. ಒಂದು, ಎರಡು ಎಂದು ಎಣಿಸಿದರೆ ನಿಂತ ಕಾಲು ಏಳುತ್ತದೆ. ಎಳೆಯುವುದು, ಗದರುವುದು, ನಡೆಯುವಾಗ ಮಾತಿಗೆಳೆಯುವುದು ಇವುಗಳಿಂದ ಹೆಜ್ಜೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ, ಬೀಳುವ ಭಯವೂ ಹೆಚ್ಚು. ಮನೆಯಲ್ಲಿ ಮಾತ್ರ ಕೋಲು, ಛತ್ರಿಗಳನ್ನು ನೆಲದಲ್ಲಿ ಅಡ್ಡ ಇಡಬೇಡಿರಿ, ಎಡವುತ್ತಾರೆ.

ದಾಸೋಹ ಮುಗಿದ ಮೇಲೆ ಆ ಮಗನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಇದಿಷ್ಟನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. “ಎರಡು ವರ್ಷದಿಂದ ಬೈತಾ ಬಂದೀನ್ರಿ” ಎಂದಷ್ಟೇ ಹೇಳಿದ. ಕಾರ್ತಿಕದಲ್ಲಿ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಿಂದ ಬಚ್ಚಲಿನವರೆಗೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಬಿಳಿ ಬಣ್ಣದ ಗೆರೆಗಳನ್ನು ಅವನೇ ಎಳೆದಿದ್ದ.