ಕಲ್ಲಿದ್ದಲ ಊರಿನ ಕಟ್ಟಡ ಉಳಿಯಿತು, ಪಳ್ಳಿ ಉಳಿಯಲಿಲ್ಲ

ಕಾರ್ಡಿಫ್ ಅಂದ ಕೂಡಲೇ ನಮ್ಮ ಮನೆಗಳ ಹುಡುಗರಿಗೆ ನೆನಪಾಗುವುದು ಕ್ರಿಕೆಟ್. 2013ರ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್‌ನಲ್ಲಿ ಭಾರತ ಶ್ರೀಲಂಕಾವನ್ನು ಸೋಲಿಸಿದ್ದು ಅಲ್ಲೇ ಅಲ್ವಾ! ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ರಾಜಧಾನಿ ಅದು. ಓದಲಿಕ್ಕೆಂದು ಅತ್ತ ಹೋಗುವ ಮಕ್ಕಳೂ ಈಗ ಇದ್ದಾರೆ. ಹಾಗೆ ಹೋದವರು ಸಮುದ್ರದ ಬದಿಗೆ ಹೋಗಿ ಕೆಂಪು ಕಟ್ಟಡವೊಂದರ ಮುಂದೆ ನಿಂತು ಫೋಟೊ ತೆಗೆದು ಮನೆಗೆ ಕಳಿಸುತ್ತಾರೆ. ಆ ಕೆಂಪು ಕಟ್ಟಡದಿಂದ ಸ್ವಲ್ಪವೇ ದೂರದಲ್ಲಿ ನೂರು ವರ್ಷಗಳ ಹಿಂದೆ ಯಮನಿ, ಸೋಮಾಲಿ ಮುಸ್ಲಿಮರ ದೊಡ್ಡದೊಂದು ಮೊಹಲ್ಲಾ ಇತ್ತು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ನಾವು ಈ ವಾರ ಹೇಳಹೊರಟಿರುವುದು ಆ ಮೊಹಲ್ಲಾದ ವಿಷಯ. ಆದರೆ ಕಲ್ಲಿದ್ದಲಿನ ಕಥೆ ಹೇಳದೆ ಅದನ್ನು ಹೇಳಲಿಕ್ಕಾಗದು.

1801ರಲ್ಲಿ ಕಾರ್ಡಿಫ್‌ನ ಜನಸಂಖ್ಯೆ ಎರಡು ಸಾವಿರವೂ ಇರಲಿಲ್ಲ. ನಮ್ಮ ಒಂದು ದೊಡ್ಡ ಜಮಾಅತ್‌ನಲ್ಲಿ ಅದಕ್ಕಿಂತ ಹೆಚ್ಚು ಮಂದಿ ಇರುತ್ತಾರೆ. ನೂರು ವರ್ಷ ಕಳೆಯುವಾಗ ಅದು ಒಂದೂವರೆ ಲಕ್ಷ ದಾಟಿತ್ತು. ಊರಿನ ಹಿಂದಿನ ಗುಡ್ಡಗಳಲ್ಲಿ ಸಿಕ್ಕಿದ ಕಲ್ಲಿದ್ದಲೇ ಇದಕ್ಕೆ ಕಾರಣ. ಬಿಸಿ ಜೋರು, ಹೊಗೆ ಕಡಿಮೆ, ಬೂದಿಯೂ ಕಡಿಮೆ, ಹಾಗಾಗಿ ಹಡಗಿನ ಬಾಯ್ಲರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಎಂಬ ಹೆಸರು. ಶತ್ರುವಿಗೆ ದೂರದಿಂದ ಹೊಗೆ ಕಾಣಬಾರದಲ್ಲ, ಆದ್ದರಿಂದ ಬ್ರಿಟಿಷ್ ನೌಕಾಪಡೆಗೂ ಅದೇ ಬೇಕು. ಗಣಿಯಿಂದ ಬಂದರಿಗೆ ಮೊದಲು ಕಾಲುವೆಯಲ್ಲಿ ದೋಣಿ, ಆಮೇಲೆ ರೈಲು. ಅಲ್ಲಿನ ಜಮೀನ್ದಾರ ಬ್ಯೂಟ್ ಪ್ರಭು ತನ್ನ ಸ್ವಂತ ಹಣ ಸುರಿದು ಕಟ್ಟಿಸಿದ ಬ್ಯೂಟ್ ವೆಸ್ಟ್ ಡಾಕ್ 1839ರ ಅಕ್ಟೋಬರ್‌ನಲ್ಲಿ ತೆರೆಯಿತು.

ಆ ಇಸವಿಯನ್ನು ನೆನಪಿಟ್ಟುಕೊಳ್ಳಿ. ಅದೇ 1839ರ ಜನವರಿಯಲ್ಲಿ, ಡಾಕ್ ತೆರೆಯುವ ಒಂಬತ್ತು ತಿಂಗಳ ಮೊದಲು, ಬೊಂಬಾಯಿಯಿಂದ ಹೊರಟ ಈಸ್ಟ್ ಇಂಡಿಯಾ ಕಂಪೆನಿಯ ಪಡೆ ಯಮನಿನ ಏಡನ್ ಬಂದರನ್ನು ಹಿಡಿದುಕೊಂಡಿತ್ತು. ಸೂಯೆಜ್‌ಗೂ ಬೊಂಬಾಯಿಗೂ ನಡುವೆ ಓಡುವ ಹಬೆ ಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳಲು ದಾರಿಯಲ್ಲಿ ಒಂದು ಜಾಗ ಬೇಕಿತ್ತು. ವೇಲ್ಸ್‌ನ ಕಲ್ಲಿದ್ದಲು ಹಡಗೇರಿ ಹೋಗಿ ಏಡನ್‌ನಲ್ಲಿ ರಾಶಿ ಬೀಳತೊಡಗಿತು. 1937ರವರೆಗೂ ಏಡನ್ ಬ್ರಿಟಿಷ್ ಇಂಡಿಯಾದ ಆಡಳಿತಕ್ಕೇ ಸೇರಿದ ಊರು. ನಮ್ಮ ಶಾಫಿಈ ಮದ್ಹಬ್, ನಮ್ಮ ತಂಙಳ್ ಕುಟುಂಬಗಳ ಹಳೆಯ ಬೇರು, ಮನೆಮನೆಯಲ್ಲಿ ಓದುವ ಹದ್ದಾದ್ ರಾತೀಬ್, ಇವುಗಳಿಂದಾಗಿ ಯಮನ್ ಎಂಬ ಹೆಸರು ನಮಗೆ ಪರಕೀಯವಲ್ಲ. ಆ ಯಮನಿನ ಗುಡ್ಡಗಾಡಿನ ಹಳ್ಳಿಗಳ ಯುವಕರೇ ಏಡನ್‌ಗೆ ಇಳಿದು ಬಂದು ಹಡಗಿನ ಕೆಲಸ ಹಿಡಿದರು.

ಏನು ಕೆಲಸ? ಹಡಗಿನ ತಳದಲ್ಲಿ ಬೆಂಕಿ ಉರಿಸುವ ಕೆಲಸ. ಗೋದಾಮಿನಿಂದ ಕಲ್ಲಿದ್ದಲನ್ನು ಕೈಗಾಡಿಯಲ್ಲಿ ತಂದು ಕುಲುಮೆಯ ಬಾಯಿಗೆ ಹಾಕುವುದು ಟ್ರಿಮ್ಮರ್. ಸಲಿಕೆಯಿಂದ ಎತ್ತಿ ಬೆಂಕಿಗೆ ಎರಚುವವನು, ಬೂದಿ ಕೆದಕಿ ತೆಗೆಯುವವನು ಫೈರ್‌ಮನ್. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಕೆಂಪು ಸಮುದ್ರದ ಬೇಸಿಗೆಯಲ್ಲಿ ಆ ತಳದ ಕೋಣೆ ಹೇಗಿದ್ದಿರಬಹುದು ಅಂತ ಗಲ್ಫ್‌ನ ಜೂನ್-ಜುಲೈ ಬಿಸಿಲು ಕಂಡವರು ಸ್ವಲ್ಪ ಊಹಿಸಬಹುದು. ಮೇಲಿಂದ ಆ ಬಿಸಿಲು, ಎದುರಲ್ಲಿ ಕುಲುಮೆ. ರಮಳಾನಿನಲ್ಲೂ ಇದೇ ಪಾಳಿ.

ಆಗಿನ ಕಾನೂನಿನ ಒಂದು ಕೊಂಕು ಇದೆ. ಹಿಂದುಸ್ತಾನದ ಬಂದರುಗಳಲ್ಲಿ ಕರಾರು ಬರೆದುಕೊಂಡು ಹಡಗೇರಿದ ಖಲಾಸಿಗಳಿಗೆ ಬ್ರಿಟಿಷ್ ನಾವಿಕರಿಗಿಂತ ಬಹಳ ಕಡಿಮೆ ಸಂಬಳ. ಅದೇ ಮನುಷ್ಯ ಬ್ರಿಟನ್ನಿನ ಬಂದರಿನಲ್ಲಿ ಇಳಿದು ಅಲ್ಲಿಂದಲೇ ಹೊಸದಾಗಿ ಹಡಗು ಹಿಡಿದರೆ ಸಂಬಳ ಹೆಚ್ಚು. ಹಾಗಾಗಿ ಯಮನಿಗಳು, ಸೋಮಾಲಿಗಳು ಕಾರ್ಡಿಫ್‌ನಲ್ಲಿ, ಉತ್ತರದ ಸೌತ್ ಶೀಲ್ಡ್ಸ್‌ನಲ್ಲಿ ಇಳಿದರು, ನಿಂತರು. ಡಾಕಿನ ಬೆನ್ನಿಗೇ ಇದ್ದ ಬ್ಯೂಟ್‌ಟೌನ್‌ನಲ್ಲಿ ಅರಬ್ಬಿಗಳದ್ದೇ ಬಾಡಿಗೆ ಮನೆಗಳು ಎದ್ದವು. ಮುಂದಿನ ಹಡಗು ಸಿಗುವವರೆಗೆ ಅಲ್ಲಿ ಊಟ, ಹಾಸಿಗೆ, ಹಲಾಲ್ ಮಾಂಸ, ಊರಿಂದ ಬಂದ ಕಾಗದ. ಕೈಯಲ್ಲಿ ಕಾಸಿಲ್ಲದಿದ್ದರೆ ಮನೆಯ ಯಜಮಾನ ಸಾಲ ಬರೆದಿಟ್ಟುಕೊಳ್ಳುತ್ತಿದ್ದ. ಮೊದಲ ಬಾರಿ ದುಬೈಗೆ ಹೋಗಿ ಊರವರ ರೂಮಿನಲ್ಲಿ ಎಂಟು ಮಂದಿಯ ಜೊತೆ ಮಲಗಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಪ್ರದೇಶಕ್ಕೆ ಜನ ಇಟ್ಟ ಹೆಸರು ಟೈಗರ್ ಬೇ.

ಈಗ ಕಟ್ಟಡಗಳಿಗೆ ಬರೋಣ. ಮಕ್ಕಳು ಫೋಟೊ ತೆಗೆಯುವ ಆ ಕೆಂಪು ಕಟ್ಟಡದ ಹೆಸರು ಪಿಯರ್‌ಹೆಡ್. 1897ರಲ್ಲಿ ಮುಗಿದದ್ದು, ಡಾಕ್ ಕಂಪೆನಿಯ ಕಚೇರಿಯಾಗಿತ್ತು. ಸುಟ್ಟ ಮಣ್ಣಿನ ಹೊದಿಕೆ, ಬಣ್ಣ ಥೇಟ್ ನಮ್ಮ ಮಂಗಳೂರು ಹೆಂಚು. ಗಡಿಯಾರದ ಗೋಪುರ ಬೇರೆ. ಗೋಡೆಯ ಮೇಲೆ ವೆಲ್ಷ್ ಭಾಷೆಯಲ್ಲಿ ಕಂಪೆನಿಯ ಧ್ಯೇಯವಾಕ್ಯ: ನೀರಿನಿಂದ ಮತ್ತು ಬೆಂಕಿಯಿಂದ. ಬೆಂಕಿಯ ಮುಂದೆ ನಿಂತವರು ಯಾರು ಅಂತ ಗೋಡೆ ಹೇಳುವುದಿಲ್ಲ. ಇಂದು ಅದು ವೇಲ್ಸ್ ಶಾಸನಸಭೆಯ ಆವರಣದ ಭಾಗ, ಸಾರ್ವಜನಿಕರು ಒಳಗೆ ಹೋಗಿ ನೋಡಬಹುದು.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಮೌಂಟ್ ಸ್ಟುವರ್ಟ್ ಸ್ಕ್ವೇರ್, ಅದರ ನಡುವೆ ಕೋಲ್ ಎಕ್ಸ್‌ಚೇಂಜ್. 1880ರ ದಶಕದಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ದಲ್ಲಾಳಿಗಳು ಬೀದಿಯಲ್ಲಿ, ಹೋಟೆಲುಗಳಲ್ಲಿ ನಿಂತು ಸೀಮೆಸುಣ್ಣದಲ್ಲಿ ದರ ಬರೆಯುತ್ತಿದ್ದರಂತೆ. ಜಗತ್ತಿನ ಕಲ್ಲಿದ್ದಲಿನ ದರವೇ ಈ ಹಾಲಿನಲ್ಲಿ ನಿರ್ಧಾರವಾಗುತ್ತಿತ್ತು ಅನ್ನುತ್ತಾರೆ. ಹತ್ತು ಲಕ್ಷ ಪೌಂಡಿನ ಮೊದಲ ಚೆಕ್ ಬರೆದದ್ದೂ ಇಲ್ಲೇ ಎಂದು ಊರವರ ಹೆಮ್ಮೆ. ಒಬ್ಬೊಬ್ಬರು ಒಂದೊಂದು ಇಸವಿ ಹೇಳುವುದರಿಂದ ಆ ಮಾತನ್ನು ನಾವು ಅಷ್ಟಕ್ಕೇ ಬಿಡುತ್ತೇವೆ. 1913ರಲ್ಲಿ ಕಾರ್ಡಿಫ್‌ನಿಂದ ಹೊರಗೆ ಹೋದ ಕಲ್ಲಿದ್ದಲು ಒಂದು ಕೋಟಿ ಟನ್‌ಗೂ ಹೆಚ್ಚು. ಆಮೇಲೆ ಹಡಗುಗಳು ಎಣ್ಣೆಗೆ ತಿರುಗಿದವು. ಎಕ್ಸ್‌ಚೇಂಜ್ 1958ರಲ್ಲಿ ಬಾಗಿಲು ಹಾಕಿತು, 1964ರಲ್ಲಿ ರಫ್ತೇ ನಿಂತಿತು. 1979ರಲ್ಲಿ ವೇಲ್ಸ್‌ಗೆ ಸ್ವಂತ ಶಾಸನಸಭೆ ಸಿಗುತ್ತದೆಂದು ಇದನ್ನು ಸಜ್ಜುಗೊಳಿಸಿದರು, ಜನಮತದಲ್ಲಿ ಅದು ಬಿದ್ದು ಹೋಯಿತು. ಈಗ ಹೋಟೆಲು.

ಸುಮಾರು ಹದಿನಾಲ್ಕು ಕಿಲೊಮೀಟರ್ ಆಚೆಗಿನ ಬ್ಯಾರಿ ಎಂಬ ಊರನ್ನೂ ಬಿಡುವ ಹಾಗಿಲ್ಲ. ಹೌದು, ಹೆಸರು ಬ್ಯಾರಿಯೇ! ನಮಗೂ ಅದಕ್ಕೂ ಸಂಬಂಧವೇನೂ ಇಲ್ಲ, ಕೇಳುವಾಗ ಮಾತ್ರ ನಗು ಬರುತ್ತದೆ. ಬ್ಯೂಟ್ ಡಾಕಿನವರ ದರ, ತಡ ಎರಡೂ ಸಹಿಸಲಾರದ ಗಣಿ ಮಾಲಕರು ಡೇವಿಡ್ ಡೇವೀಸ್ ಎಂಬವರ ಮುಂದಾಳತ್ವದಲ್ಲಿ ಅಲ್ಲಿ ತಮ್ಮದೇ ಡಾಕ್ ಕಟ್ಟಿದರು. ಅದು ತೆರೆದದ್ದು 1889ರಲ್ಲಿ. 1881ರಲ್ಲಿ ಸುಮಾರು 500 ಮಂದಿ ಇದ್ದ ಊರು ಮೂವತ್ತು ವರ್ಷದಲ್ಲಿ 33,000 ದಾಟಿತು. 1913ರಲ್ಲಿ ರಫ್ತಿನಲ್ಲಿ ಕಾರ್ಡಿಫ್‌ನ್ನೇ ಹಿಂದೆ ಹಾಕಿತು. ಅಲ್ಲಿನ ಡಾಕ್ ಕಚೇರಿಗೆ ವರ್ಷದ ದಿನಗಳ ಲೆಕ್ಕದಲ್ಲಿ 365 ಕಿಟಕಿ ಎನ್ನುತ್ತಾರೆ. ಎದುರಿಗೆ ಡೇವಿಡ್ ಡೇವೀಸ್ ಪ್ರತಿಮೆ.

ಬ್ಯಾರಿಯ ಇನ್ನೊಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ರೈಲ್ವೆಯವರು ಹಬೆ ಎಂಜಿನ್‌ಗಳನ್ನು ಗುಜರಿಗೆ ಹಾಕಿದಾಗ ವುಡ್‌ಹ್ಯಾಮ್ ಎಂಬವರು 297 ಎಂಜಿನ್ ಕೊಂಡು ಬ್ಯಾರಿಯ ಡಾಕಿನ ಪಕ್ಕ ಸಾಲಾಗಿ ನಿಲ್ಲಿಸಿದರು. ಒಡೆಯಲು ಬೇರೆ ಸರಕು ಇದ್ದುದರಿಂದ ಇವುಗಳ ಸರದಿ ಬರಲೇ ಇಲ್ಲ. ತುಕ್ಕು ಹಿಡಿದು ನಿಂತಿದ್ದ ಅವುಗಳಲ್ಲಿ 213ನ್ನು ಅಭಿಮಾನಿಗಳು ಚಂದಾ ಎತ್ತಿ ಬಿಡಿಸಿಕೊಂಡು ಹೋದರು. ಇಂಥ ಪ್ರೀತಿ ಟೈಗರ್ ಬೇಯ ಮನೆಗಳಿಗೆ ಸಿಗಲಿಲ್ಲ.

1919ರ ಜೂನ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದು ಬಿಳಿಯ ಸೈನಿಕರು ಕೆಲಸವಿಲ್ಲದೆ ಮರಳಿದಾಗ, ಕಾರ್ಡಿಫ್‌ನಲ್ಲಿ ಗಲಭೆ ಎದ್ದಿತು. ಗುಂಪುಗಳು ಅರಬ್ಬಿ, ಸೋಮಾಲಿ, ವೆಸ್ಟ್ ಇಂಡೀಸ್ ನಾವಿಕರ ಮನೆಗಳಿಗೆ ನುಗ್ಗಿದವು. ಮೂವರು ಸತ್ತರು, ಅವರಲ್ಲಿ ಒಬ್ಬ ಮುಸ್ಲಿಂ ಫೈರ್‌ಮನ್. ಅದೇ ಯುದ್ಧದಲ್ಲಿ ಇದೇ ನಾವಿಕರು ಬ್ರಿಟಿಷ್ ಹಡಗುಗಳ ಬೆಂಕಿ ಆರದಂತೆ ನೋಡಿಕೊಂಡಿದ್ದರು, ಎಷ್ಟೋ ಮಂದಿ ಟಾರ್ಪಿಡೊಗೆ ಸಿಕ್ಕಿ ಮುಳುಗಿದ್ದರು. 1925ರಲ್ಲಿ ಇನ್ನೊಂದು ಆದೇಶ ಬಂತು: ಬಿಳಿಯರಲ್ಲದ ನಾವಿಕರು ತಾವು ಬ್ರಿಟಿಷ್ ಪ್ರಜೆ ಎಂದು ಕಾಗದ ತೋರಿಸಬೇಕು, ಇಲ್ಲದಿದ್ದರೆ ಪೊಲೀಸರಲ್ಲಿ ಪರಕೀಯರೆಂದು ನೋಂದಾಯಿಸಿಕೊಳ್ಳಬೇಕು. ಬ್ರಿಟಿಷ್ ಪ್ರಜೆಯೇ ಆಗಿದ್ದ ಏಡನ್‌ನವನ ಕೈಯಲ್ಲಿ ಜನನ ಪತ್ರ ಎಲ್ಲಿಂದ ಬರಬೇಕು? ಕಾಗದ ತೋರಿಸು ಎಂಬ ಮಾತಿನ ಭಾರ ಎಷ್ಟೆಂದು ನಮ್ಮ ಓದುಗರಿಗೆ ಗೊತ್ತು.

ಇಷ್ಟಿದ್ದೂ ಅವರು ದೀನನ್ನು ಬಿಡಲಿಲ್ಲ. 1930ರ ದಶಕದಲ್ಲಿ ಶೈಖ್ ಅಬ್ದುಲ್ಲಾ ಅಲೀ ಅಲ್ ಹಕೀಮಿ ಎಂಬ ಯಮನಿ ವಿದ್ವಾಂಸರು ಬಂದರು. ಶಾಝುಲೀ ತರೀಖತ್‌ನ ಅಲವೀ ಶಾಖೆಯವರು. ಮಕ್ಕಳಿಗೆ ಮದ್ರಸ, ನಾವಿಕರನ್ನು ಮದುವೆಯಾಗಿ ಇಸ್ಲಾಮಿಗೆ ಬಂದ ವೆಲ್ಷ್ ಹೆಂಗಸರಿಗೆ ಪಾಠ, ಹಬ್ಬಕ್ಕೆ ಬೀದಿಯಲ್ಲಿ ಮೆರವಣಿಗೆ ಶುರುವಾಯಿತು. ಪೀಲ್ ಸ್ಟ್ರೀಟ್‌ನ ಮನೆಗಳಲ್ಲಿ ಪಳ್ಳಿ ನಡೆಯಿತು. 1941ರ ಜನವರಿಯಲ್ಲಿ ಜರ್ಮನ್ ಬಾಂಬಿಗೆ ಅದು ನೆಲಸಮವಾಯಿತು. ಯುದ್ಧದ ಮಧ್ಯೆಯೇ, 1943ರಲ್ಲಿ, ಸರಕಾರದ ನೆರವೂ ನಾವಿಕರ ಚಂದಾವೂ ಸೇರಿ ಅದೇ ಬೀದಿಯಲ್ಲಿ ನೂರುಲ್ ಇಸ್ಲಾಂ ಮಸೀದಿ ಎದ್ದಿತು. ಅಂದಿನ ಫೋಟೊಗಳು ಇಂದಿಗೂ ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿವೆ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಬ್ರಿಟನ್ನಿನ ಮೊದಲ ಮಸೀದಿ 1860ರಲ್ಲಿ ಕಾರ್ಡಿಫ್‌ನ ಗ್ಲಿನ್‌ರೋಂಡಾ ಸ್ಟ್ರೀಟ್‌ನಲ್ಲಿ ಆಯಿತು ಎಂಬ ಮಾತು ಪುಸ್ತಕಗಳಲ್ಲೂ ಮೊಬೈಲುಗಳಲ್ಲೂ ಓಡಾಡುತ್ತಿದೆ. ಸಂಶೋಧಕರು ಮೂಲ ದಾಖಲೆ ತೆಗೆದು ನೋಡಿ ಇದು ಇಸವಿ ನಕಲು ಮಾಡುವಾಗ ಆದ ತಪ್ಪು ಎಂದು ತೋರಿಸಿದ್ದಾರೆ. ಲಿವರ್‌ಪೂಲ್ ಮತ್ತು ವೋಕಿಂಗ್‌ನ ಮಸೀದಿಗಳು 1889ರವು, ಆ ಮಾನ ಅವಕ್ಕೇ ಇರಲಿ. ನಮ್ಮವರ ಚರಿತ್ರೆಯನ್ನು ದೊಡ್ಡದು ಮಾಡಲು ಹುಸಿ ಇಸವಿಯ ಊರುಗೋಲು ಬೇಕಿಲ್ಲ.

1960ರ ದಶಕದಲ್ಲಿ ಟೈಗರ್ ಬೇಯ ಹಳೆಯ ಬೀದಿಗಳನ್ನು ಕೊಳಚೆ ನಿರ್ಮೂಲನೆ ಎಂದು ಒಡೆದರು. ಬಾಡಿಗೆ ಮನೆಗಳು, ಕೆಫೆಗಳು, ಪೀಲ್ ಸ್ಟ್ರೀಟ್ ಎಲ್ಲವೂ ಹೋದವು. ಹಳೆಯ ಡಾಕನ್ನೂ ಮಣ್ಣು ಹಾಕಿ ಮುಚ್ಚಿದರು. ಆ ಡಾಕಿನ ಹತ್ತಿರ ನಾರ್ವೆಯ ನಾವಿಕರು 1868ರಲ್ಲಿ ಕಟ್ಟಿಕೊಂಡ ಒಂದು ಪುಟ್ಟ ಬಿಳಿ ಚರ್ಚ್ ಇತ್ತು. ಲೇಖಕ ರೋಆಲ್ಡ್ ಡಾಲ್ ಅವರಿಗೆ ದೀಕ್ಷಾಸ್ನಾನ ಆದದ್ದು ಅಲ್ಲೇ, ಅವರ ತಂದೆಗೆ ಹಡಗಿನ ದಲ್ಲಾಳಿ ಕೆಲಸ. ಆ ಚರ್ಚನ್ನು 1987ರಲ್ಲಿ ಜೋಪಾನವಾಗಿ ಬಿಚ್ಚಿ, ಬೇರೆ ಜಾಗದಲ್ಲಿ ಮತ್ತೆ ಜೋಡಿಸಿ 1992ರಲ್ಲಿ ತೆರೆದರು. ಒಳ್ಳೆಯದೇ ಆಯಿತು, ಅದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ನಾವಿಕರದ್ದೇ ಇನ್ನೊಂದು ಪ್ರಾರ್ಥನಾ ಮಂದಿರವೂ ಅದೇ ಊರಲ್ಲಿ ಇತ್ತಲ್ಲ, ಅದರ ಒಂದು ಕಿಟಕಿಯನ್ನಾದರೂ ತೆಗೆದಿಡಬೇಕೆಂದು ಯಾರಿಗೂ ಅನಿಸಲಿಲ್ಲವೇ ಎಂದು ಮಾತ್ರ ಕೇಳುತ್ತೇವೆ. ಮಂಗಳೂರಿನ ಬಂದರ್‌ನಲ್ಲಿ ಹಳೆಯ ಗೋದಾಮುಗಳ ಪಕ್ಕ ನಡೆಯುವಾಗಲೂ ಈ ಪ್ರಶ್ನೆ ನಮ್ಮ ಹಿಂದೆ ಬರುತ್ತದೆ.

ಟೈಗರ್ ಬೇಯ ಕಹಿ ನೆನಪುಗಳಲ್ಲಿ ದೊಡ್ಡದು ಮಹ್ಮೂದ್ ಮತ್ತಾನ್ ಅವರದು. ಹಡಗಿನ ಕೆಲಸ ಮಾಡಿದ್ದ ಸೋಮಾಲಿ ಯುವಕ, ವೆಲ್ಷ್ ಹೆಂಡತಿ, ಮೂರು ಗಂಡು ಮಕ್ಕಳು. ಅಂಗಡಿಯ ಒಡತಿಯೊಬ್ಬರ ಕೊಲೆ ಆರೋಪ ಹೊರಿಸಿ 1952ರ ಸೆಪ್ಟೆಂಬರ್ 3ರಂದು ಕಾರ್ಡಿಫ್ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾನು ಮಾಡಿಲ್ಲ ಎಂದು ಕೊನೆಯವರೆಗೂ ಹೇಳಿದ್ದರು. ಹೆಂಡತಿ ಬಿಡಲಿಲ್ಲ. 1998ರಲ್ಲಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು, 2022ರಲ್ಲಿ ಪೊಲೀಸರು ಕ್ಷಮೆ ಕೇಳಿದರು. ಅಷ್ಟರಲ್ಲಿ ಹೆಂಡತಿಯೂ ಮಕ್ಕಳೂ ತೀರಿಕೊಂಡಿದ್ದರು. ಜೈಲಿನ ಅಂಗಳದಲ್ಲಿ ಹೂತಿದ್ದ ಮಯ್ಯಿತ್ತನ್ನು 1996ರಲ್ಲೇ ತೆಗೆದು ಊರಿನ ದಫನಭೂಮಿಗೆ ತಂದಿದ್ದರು.

ಉಳಿದದ್ದು ಆಲಿಸ್ ಸ್ಟ್ರೀಟ್‌ನ ಮಸೀದಿ. ಪೀಲ್ ಸ್ಟ್ರೀಟ್‌ನ ಜಮಾಅತ್ ಅಲ್ಲಿ ಮುಂದುವರಿಯಿತು. ಅಲ್ಲಿ ಅರ್ಧ ಶತಮಾನದಷ್ಟು ಕಾಲ ಇಮಾಮರಾಗಿದ್ದ ಶೈಖ್ ಸಯೀದ್ ಹಸನ್ ಇಸ್ಮಾಯಿಲ್ 1930ರಲ್ಲಿ ಸೌತ್ ಶೀಲ್ಡ್ಸ್‌ನಲ್ಲಿ ಹುಟ್ಟಿದವರು. ಯಮನಿ ನಾವಿಕನ ಮಗ, ತಂದೆ ಸಮುದ್ರದಲ್ಲೇ ತೀರಿಹೋದರು. 2011ರಲ್ಲಿ ಶೈಖ್ ಇಹಲೋಕ ಬಿಟ್ಟರು.

ಮಕ್ಕಳು ಅಲ್ಲಿ ಓದುತ್ತಿದ್ದರೆ ಒಂದು ಮಾತು ಹೇಳಿ: ಪಿಯರ್‌ಹೆಡ್ ಮುಂದೆ ಫೋಟೊ ತೆಗೆದ ಮೇಲೆ ಹಾಗೇ ಬ್ಯೂಟ್ ಸ್ಟ್ರೀಟ್ ಹಿಡಿದು ನಡೆದು ಹೋಗಿ ಆಲಿಸ್ ಸ್ಟ್ರೀಟ್‌ನಲ್ಲಿ ಜುಮಾ ಮುಗಿಸಲಿ. ನಮಾಝ್ ಆದ ಮೇಲೆ ಅಲ್ಲಿ ಕೂತಿರುವ ವಯಸ್ಸಾದವರಿಗೆ ಸಲಾಂ ಹೇಳಿ, ನಿಮ್ಮ ತಂದೆ ಯಾವ ಹಡಗಿನಲ್ಲಿದ್ದರು ಎಂದು ಕೇಳಲಿ.