ಫ್ಯಾಂಟಮ್‌ಗೂ ಕಾರ್ಕಳಕ್ಕೂ ಏನು ನಂಟು?

ಪ್ರಶ್ನೆ: ಚಿಕ್ಕಂದಿನಲ್ಲಿ ನಾವು ಓದುತ್ತಿದ್ದ ಫ್ಯಾಂಟಮ್ ಕಾಮಿಕ್ಸ್‌ಗೂ ನಮ್ಮ ಕಡೆಯವರೊಬ್ಬರಿಗೂ ಸಂಬಂಧ ಇದೆಯಂತೆ, ಹೌದೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಹೌದು, ಅದೂ ನಿಮ್ಮ ಪಕ್ಕದ ಊರಿನವರೇ. ಅಮೆರಿಕದ ಲೀ ಫಾಕ್ ಬರೆದ ಫ್ಯಾಂಟಮ್ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1936ರ ಫೆಬ್ರುವರಿ 17ರಂದು. ಅವನನ್ನು 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಆಗಿ ನಮ್ಮ ಮಕ್ಕಳ ಕೈಗಿಟ್ಟ ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದವರು ಅನಂತ ಪೈ. ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಫ್ಯಾಂಟಮ್‌ನ ಮೈಗಂಟಿದ ಉಡುಪು, ಕಣ್ಣಿಗೆ ಕಪ್ಪು ಮುಸುಕು, ಗುದ್ದಿದರೆ ದವಡೆಯ ಮೇಲೆ ಅಚ್ಚೊತ್ತುವ ತಲೆಬುರುಡೆಯ ಉಂಗುರ – ಮರೆಯುವಂಥದ್ದೇ? ಮೂಲದ ‘ಬೆಂಗಾಲ’ ಕಾಡು ಇಲ್ಲಿ ‘ಡೆಂಕಾಲಿ’ಯಾಯಿತು, ಕಾರಣ ಊಹಿಸುವುದು ಕಷ್ಟವಲ್ಲ ಬಿಡಿ.

1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳೇ ರಾಮನ ತಾಯಿ ಯಾರೆಂದು ತಿಳಿಯದೆ ತಡವರಿಸಿದ್ದನ್ನು ಕಂಡ ಪೈ, ನಮ್ಮ ಪುರಾಣ, ಇತಿಹಾಸದ ಕಥೆಗಳ ಕಾಮಿಕ್ಸ್ ಮಾಲೆ ‘ಅಮರ ಚಿತ್ರಕಥೆ’ಗೆ ಕೈಹಾಕಿದರು. ತಮಾಷೆಯೆಂದರೆ, ಆ ಮಾಲೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ, ಸಿಂಡ್ರೆಲಾಳಂಥ ವಿದೇಶಿ ಕಥೆಗಳಾಗಿ. ಅದಕ್ಕೇ ಇಂಗ್ಲಿಷಿನ ‘ಕೃಷ್ಣ’ನಿಗೆ 11ನೇ ನಂಬರು.

ಮುಂದೆ ರಾಣಿ ಅಬ್ಬಕ್ಕನೂ ಇದೇ ಮಾಲೆಗೆ ಬಂದಳು. ಆಕೆಯ ಚೌಟ ವಂಶದ ಅರಮನೆ ನಿಮ್ಮೂರಲ್ಲೇ ಇದೆಯಲ್ಲ, ಅದರ ಮರದ ಕಂಬದಲ್ಲಿರುವ, ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ ನವನಾರೀಕುಂಜರದ ಕೆತ್ತನೆಯನ್ನು ಮಕ್ಕಳಿಗೊಮ್ಮೆ ತೋರಿಸಿ ಬನ್ನಿ.