ಐಡಲಿನಲ್ಲಿ ಪೆಟ್ರೋಲಿನ ಆಧಿಕ್ಯ: ಹಾಗಲವಾಡಿಯ ಒಂದು ಡಾಲ್ಫಿನ್ ಕಾರಿನ ಪರೀಕ್ಷೆ

ಹಾಗಲವಾಡಿ ನಾಯಕರ ಪಾಳೆಯಪಟ್ಟಿಗೆ ಸಂಬಂಧಿಸಿದ ಕಾಗದಪತ್ರಗಳನ್ನು ಅರಸುತ್ತ ಗುಬ್ಬಿ ತಾಲ್ಲೂಕಿನಲ್ಲಿ ಅಲೆಯುತ್ತಿದ್ದಾಗ, ಪ್ರಕೃತ ಲೇಖಕನಿಗೆ ಕಾಗದವಲ್ಲದ ಒಂದು ಆಕರ ದೊರೆಯಿತು. ಅದು ಹಾಗಲವಾಡಿಯ ಒಂದು ಮನೆಯ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿದ್ದ, ಹಿಂದೊಮ್ಮೆ ರ್‍ಯಾಲಿಗೆಂದು ಸಜ್ಜುಗೊಳಿಸಿದ್ದ ಡಾಲ್ಫಿನ್ ಕಾರು. ಮನೆಯ ಯಜಮಾನರು ಅದನ್ನು ಚಾಲೂ ಮಾಡಿ ತೋರಿಸಿದರು. ಸೈಲೆನ್ಸರಿನಿಂದ ಕಪ್ಪು ಹೊಗೆ ಹೊರಟಿತು. ಎಂಜಿನು ಕುಂಟುತ್ತ ತಿರುಗಿತು. ಪೆಟ್ರೋಲಿನ ವಾಸನೆಯಿಂದ ಕಣ್ಣು ಉರಿಯತೊಡಗಿತು. ಇದಕ್ಕೆ ಕಾರಣವನ್ನು ಕಂಡುಹಿಡಿಯಲು ನಮಗೆ ಮೂರು ಭಾನುವಾರಗಳು ಹಿಡಿದವು. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇದಕ್ಕೆ ಸ್ಥಳವೆಲ್ಲಿ ಎಂದು ಕೇಳುವವರುಂಟು. ಯಂತ್ರವೂ ಒಂದು ದಾಖಲೆಯೇ. ಅದನ್ನು ಓದುವ ಮೊದಲೇ ತಿದ್ದಿದವನು ದಾಖಲೆಯನ್ನೂ ಕೆಡಿಸುತ್ತಾನೆ, ಯಂತ್ರವನ್ನೂ ಕೆಡಿಸುತ್ತಾನೆ.

ಡಾಲ್ಫಿನ್ ಬೆಂಗಳೂರಿನ ಸಿಪಾನಿ ಕಾರ್ಖಾನೆಯಿಂದ 1982ರಲ್ಲಿ ಹೊರಬಂದ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಒಡಲು ಫೈಬರ್‌ಗ್ಲಾಸಿನದು, ಎಂಜಿನು 848 ಘನ ಸೆಂಟಿಮೀಟರಿನ ಅಲ್ಯೂಮಿನಿಯಂ ಎಂಜಿನು. ಕಾರು ಬಹಳ ಹಗುರವಾದುದರಿಂದ ಪಂದ್ಯಗಳಲ್ಲಿ ಆಸಕ್ತಿಯಿದ್ದವರು ಇದನ್ನು ಮೆಚ್ಚಿದರು. ಕಿಟನ್ನಿನಲ್ಲಿದ್ದಂತೆ ನಾವು ನೋಡಿದ ಕಾರಿನಲ್ಲಿಯೂ ಎಸ್.ಯು. ಜಾತಿಯ ಒಂದೇ ಕಾರ್ಬುರೇಟರು ಇದ್ದಿತು. ಇದರ ರಚನೆಯನ್ನು ತಿಳಿಯದೆ ಮುಂದಿನ ವಾದ ಅರ್ಥವಾಗದು. ಇದರೊಳಗೆ ಗಾಳಿಯ ಸೆಳೆತಕ್ಕೆ ಮೇಲೇಳುವ ಒಂದು ಪಿಸ್ಟನ್ ಉಂಟು. ಅದರ ಬುಡಕ್ಕೆ ತುದಿಯತ್ತ ಸಣ್ಣಗಾಗುತ್ತ ಹೋಗುವ ಸೂಜಿಯೊಂದನ್ನು ಸಿಕ್ಕಿಸಿದೆ. ಸೂಜಿಯು ಪೆಟ್ರೋಲು ಬರುವ ಜೆಟ್ಟೆಂಬ ನಳಿಕೆಯೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದಂತೆ ಸೂಜಿಯ ತೆಳುವಾದ ಭಾಗ ಜೆಟ್ಟಿನ ಬಾಯಿಗೆ ಬಂದು ಸಂದು ಅಗಲವಾಗುತ್ತದೆ, ಹೆಚ್ಚು ಪೆಟ್ರೋಲು ಹರಿಯುತ್ತದೆ. ಐಡಲಿಗೆ, ಅಂದರೆ ಕಾರು ನಿಂತಿದ್ದು ಎಂಜಿನು ಮಾತ್ರ ಮೆಲ್ಲನೆ ತಿರುಗುತ್ತಿರುವ ಸ್ಥಿತಿಗೆ, ಬೇರೆ ದಾರಿಯಿಲ್ಲ. ಎಲ್ಲಕ್ಕೂ ಅದೇ ಜೆಟ್ಟು, ಅದೇ ಸೂಜಿ. ಜೆಟ್ಟಿನ ಕೆಳಗಿನ ನಟ್ಟನ್ನು ತಿರುಗಿಸಿ ಜೆಟ್ಟನ್ನು ಮೇಲಕ್ಕೇರಿಸಿದರೆ ಪೆಟ್ರೋಲು ಕಡಮೆ, ಇಳಿಸಿದರೆ ಹೆಚ್ಚು.

ಯಜಮಾನರು ಮಾಡಿದ್ದ ಚಿಕಿತ್ಸೆ ಈ ನಟ್ಟಿನದೇ. ಹೊಗೆ ಕಂಡೊಡನೆ ಜೆಟ್ಟನ್ನು ಏರಿಸಿದ್ದರು. ಐಡಲ್ ಒಂದಿಷ್ಟು ಸುಧಾರಿಸಿತು. ಆದರೆ ಗುಬ್ಬಿಯ ರಸ್ತೆಯಲ್ಲಿ ವೇಗ ಹಿಡಿದಾಗ ಎಂಜಿನೊಳಗೆ ಕಟಕಟ ಸದ್ದು ಕೇಳಿಸಿತು. ಒಂದು ನಟ್ಟು ಎಲ್ಲ ವೇಗಗಳನ್ನೂ ಆಳುವುದರಿಂದ, ನಿಂತಾಗಿನ ದೋಷವನ್ನು ಅಲ್ಲಿ ಸರಿಪಡಿಸಹೊರಟರೆ ಓಟದಲ್ಲಿ ಪೆಟ್ರೋಲು ಸಾಲದೆ ಹೋಗುತ್ತದೆ. ಬಲವಾಗಿ ಓಡುವ ಎಂಜಿನಿನಲ್ಲಿ ಆ ಕೊರತೆ ಪಿಸ್ಟನ್ನಿನ ತಲೆಯನ್ನೇ ಸುಟ್ಟು ತೂತು ಮಾಡಬಲ್ಲುದು. ಹಾಗೆಂದು ಆಧಿಕ್ಯವನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲಿಗೆ ಬೆರೆಯುತ್ತದೆ. ಈ ಕಾರಿನ ಆಯಿಲ್ ಕಡ್ಡಿಯನ್ನು ಮೂಸಿದಾಗ ಆಗಲೇ ಪೆಟ್ರೋಲು ನಾರುತ್ತಿತ್ತು. ಎರಡು ಕಡೆಯಿಂದಲೂ ಅಪಾಯ ಒದಗಿದ್ದಿತು.

ಆದುದರಿಂದ ನಟ್ಟನ್ನು ಮೊದಲು ರಸ್ತೆಯ ಓಟಕ್ಕೆ ಸರಿಹೊಂದುವ ಸ್ಥಾನಕ್ಕೆ ಮರಳಿಸಿ, ಅನಂತರ ಸಾಕ್ಷಿಗಳ ವಿಚಾರಣೆಗೆ ತೊಡಗಿದೆವು. ಸಾಕ್ಷಿಗಳಲ್ಲಿ ಸುಳ್ಳು ಹೇಳುವವರೂ ಇರುತ್ತಾರೆ. ಪ್ಲಗ್ಗಿನ ಮೇಲಿನ ಕಪ್ಪು ಮಸಿ ಆಧಿಕ್ಯದ ಗುರುತೆಂಬುದು ನಿಜ. ಕಿಡಿ ಬಲಹೀನವಾಗಿದ್ದರೂ ಅದೇ ಮಸಿ ಕೂಡುತ್ತದೆ. ವಾಸನೆಯಂತೂ ಇನ್ನೂ ನಂಬಲಾಗದ ಸಾಕ್ಷಿ. ಪಂದ್ಯಕ್ಕೆ ಸಜ್ಜಾದ ಎಂಜಿನಿನ ಕ್ಯಾಮು ಒಳಬಾಗಿಲು ಹೊರಬಾಗಿಲುಗಳೆರಡನ್ನೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುತ್ತದೆ. ನಿಧಾನಗತಿಯಲ್ಲಿ ಸುಟ್ಟ ಅನಿಲ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುವುದರಿಂದ, ಉರಿಯದ ಪೆಟ್ರೋಲು ಹೊರಬೀಳುತ್ತದೆ. ಮಿಶ್ರಣ ಸರಿಯಾಗಿದ್ದರೂ ಇಂತಹ ಎಂಜಿನು ಕುಂಟುತ್ತದೆ, ನಾರುತ್ತದೆ. ಅದನ್ನು ರೋಗವೆಂದು ಭಾವಿಸಿ ಔಷಧ ಕೊಟ್ಟವರು ಅನೇಕರು.

ಹೆಚ್ಚು ನಂಬತಕ್ಕ ಸಾಕ್ಷಿ ಎಸ್.ಯು. ಕಾರ್ಬುರೇಟರಿನ ಪಕ್ಕದಲ್ಲಿಯೇ ಇರುವ ಒಂದು ಸಣ್ಣ ಕಡ್ಡಿ. ಬಿಸಿಯಾದ ಎಂಜಿನು ಐಡಲಿನಲ್ಲಿ ತಿರುಗುತ್ತಿರುವಾಗ ಅದನ್ನು ಒತ್ತಿ ಪಿಸ್ಟನ್ನನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಎತ್ತಬೇಕು. ವೇಗ ಕ್ಷಣಮಾತ್ರ ಏರಿ ಮತ್ತೆ ನೆಲೆಗೆ ಬಂದರೆ ಮಿಶ್ರಣ ಸರಿ. ಎಂಜಿನು ನಿಲ್ಲುವಂತಾದರೆ ಪೆಟ್ರೋಲು ಕಡಮೆ. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ನಮ್ಮ ಎಂಜಿನಿನ ವೇಗ ಏರಿ ಹಾಗೆಯೇ ನಿಂತಿತು. ಕ್ಯಾಮಿನ ದೋಷವಲ್ಲ, ಆಧಿಕ್ಯವೇ ಎಂದು ಇದರಿಂದ ಸಿದ್ಧವಾಯಿತು.

ಮನೆಗೆ ಬಂದ ನೆಂಟರೊಬ್ಬರು, ಇದು ಎತ್ತರದ ಸೀಮೆಯ ಫಲವೆಂದರು. ಈ ಮಾತಿನಲ್ಲಿ ತಥ್ಯವುಂಟು. ತುಮಕೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಗಾಳಿ ತೆಳುವಾದುದರಿಂದ, ಮದರಾಸಿನ ಬಳಿಯ ಷೋಲಾವರಂ ಪಂದ್ಯದ ನೆಲಕ್ಕೆ ಹೊಂದಿಸಿದ ಕಾರ್ಬುರೇಟರು ಇಲ್ಲಿ ಶೇಕಡ 4ರಷ್ಟು ಹೆಚ್ಚು ಪೆಟ್ರೋಲನ್ನು ಕೊಟ್ಟೀತು. ಆದರೆ ಇಂದು ಬಂಕುಗಳಲ್ಲಿ ದೊರೆಯುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿನ ಒಂದು ತೂಕಕ್ಕೆ 14.7 ತೂಕದ ಗಾಳಿ ಬೇಕಾದರೆ ಈ ಬೆರಕೆಗೆ ಸುಮಾರು 13.5 ಸಾಕು. ಎಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಶೇಕಡ 7-8ರಷ್ಟು ತೆಳುವಾಗಬೇಕು. ಎತ್ತರ ಕೂಡಿಸಿದುದನ್ನು ಎಥನಾಲ್ ಕಳೆದು, ಮೇಲೆ ಇನ್ನಷ್ಟನ್ನೂ ಕಳೆಯುತ್ತದೆ. ಹೀಗಿದ್ದೂ ಆಧಿಕ್ಯ ತೋರುತ್ತಿದ್ದುದರಿಂದ ಕಾರಣ ಕಾರ್ಬುರೇಟರಿನೊಳಗೇ ಇರಬೇಕಾಯಿತು.

ಗಾಳಿಸೋಸಕ ಚೊಕ್ಕಟವಾಗಿದ್ದಿತು. ಚೋಕಿನ ತಂತಿ ಪೂರ್ತಿ ಹಿಂದಿರುಗದಿದ್ದರೆ ಜೆಟ್ಟು ಕೆಳಗೇ ಉಳಿಯುವುದುಂಟು; ಜೆಟ್ಟನ್ನು ಬೆರಳಿನಿಂದ ಮೇಲಕ್ಕೊತ್ತಿ ನೋಡಿದೆವು, ವ್ಯತ್ಯಾಸವಾಗಲಿಲ್ಲ. ಆಮೇಲೆ ನಾನು ಒಂದು ತಪ್ಪು ಮಾಡಿದೆನು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆಂದು ಓದಿದ್ದುದರಿಂದ, ಫ್ಲೋಟಿನ ಕವಾಟ ಮುಚ್ಚಿಕೊಳ್ಳದೆ ಪೆಟ್ರೋಲಿನ ಮಟ್ಟ ಏರಿರಬೇಕೆಂದು ನಿಶ್ಚಯಿಸಿ, ಎರಡನೆಯ ಭಾನುವಾರವನ್ನೆಲ್ಲ ಅದಕ್ಕೇ ಕಳೆದೆನು. ಫ್ಲೋಟು ನಿರ್ದೋಷಿ. ಕವಾಟವೂ ನಿರ್ದೋಷಿ. ಮಟ್ಟ ಏರಿದ್ದರೆ ಆಧಿಕ್ಯ ಎಲ್ಲ ವೇಗಗಳಲ್ಲಿಯೂ ಕಾಣಬೇಕಿತ್ತು. ಇಲ್ಲಿ ರಸ್ತೆಯ ಓಟ ಸರಿಯಾಗಿದ್ದು ಐಡಲ್ ಮಾತ್ರ ಕೆಟ್ಟಿತ್ತು. ಕೈಯಲ್ಲಿದ್ದ ಈ ಪ್ರಮಾಣವನ್ನು ಸಿದ್ಧಾಂತದ ಮೋಹದಿಂದ ನಾನು ಲೆಕ್ಕಿಸಿರಲಿಲ್ಲ.

ಗುಬ್ಬಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಪಿಸ್ಟನ್ನನ್ನು ಎತ್ತಿ ಬಿಟ್ಟು ಕಿವಿಗೊಟ್ಟರು. "ಟಕ್ ಅನ್ನಬೇಕು ಸಾರ್, ಅನ್ನುತ್ತಿಲ್ಲ. ಸೂಜಿ ಎಲ್ಲೋ ಉಜ್ಜುತ್ತಿದೆ" ಎಂದರು. ಬಿಚ್ಚಿ ಭೂತಕನ್ನಡಿಯಲ್ಲಿ ನೋಡಲಾಗಿ ಸೂಜಿಯ ಒಂದು ಮಗ್ಗುಲಲ್ಲಿ ಹೊಳೆಯುವ ಗೆರೆ ಕಂಡಿತು. ಜೆಟ್ಟಿನ ದುಂಡು ಬಾಯಿ ಸವೆದು ಮೊಟ್ಟೆಯಾಕಾರವಾಗಿತ್ತು. ಐಡಲಿನಲ್ಲಿ ಸೂಜಿಯ ದಪ್ಪ ಭಾಗ ಜೆಟ್ಟನ್ನು ಬಹುಮಟ್ಟಿಗೆ ಮುಚ್ಚಿರುತ್ತದೆ. ಉಳಿದ ಕಿರಿದಾದ ಸಂದಿಗೆ ಎಳ್ಳಷ್ಟು ಸವೆತವೂ ದೊಡ್ಡ ಪಾಲು. ವೇಗದಲ್ಲಿ ಸಂದು ಅಗಲವಾಗಿರುವುದರಿಂದ ಅದೇ ಸವೆತ ಲೆಕ್ಕಕ್ಕೆ ಬಾರದು. ಅಕ್ಷರವೊಂದು ಅಳಿಸಿದರೆ ದೀರ್ಘಶಾಸನದ ಅರ್ಥ ಉಳಿಯುತ್ತದೆ. ಎರಡು ಸಾಲಿನ ವೀರಗಲ್ಲಿನ ಬರಹ ಕೆಟ್ಟೇ ಹೋಗುತ್ತದೆ.

ಹೊಸ ಜೆಟ್ಟು ಸೂಜಿಗಳನ್ನು ತರಿಸಿ, ಜೆಟ್ಟನ್ನು ನಡುಮಧ್ಯಕ್ಕೆ ಕೂರಿಸಿ, ಪೆಟ್ರೋಲು ಬೆರೆತಿದ್ದ ಆಯಿಲನ್ನು ಚೆಲ್ಲಿ ಬೇರೆ ತುಂಬಿದೆವು. ಕಡ್ಡಿಯ ಪರೀಕ್ಷೆಯಲ್ಲಿ ವೇಗ ಕ್ಷಣಮಾತ್ರ ಏರಿ ನೆಲೆಗೆ ಬಂದಿತು. ಹೊಗೆ ಹೋಯಿತು. ಕುಂಟು ಸ್ವಲ್ಪ ಉಳಿದಿದೆ, ವಾಸನೆಯೂ ಸ್ವಲ್ಪ ಉಳಿದಿದೆ. ಅವು ಕ್ಯಾಮಿನವು, ಅವನ್ನು ಮುಟ್ಟಲಿಲ್ಲ. ಭಾರತದ ಹೊಸ ಕಾರುಗಳಿಂದ ಕಾರ್ಬುರೇಟರು 2000ದ ಸುಮಾರಿಗೆ ಮರೆಯಾಯಿತು. ಟಕ್ಕೆಂಬ ಸದ್ದಿಗೆ ಕಿವಿಗೊಡಬಲ್ಲವರು ಗುಬ್ಬಿಯಲ್ಲಿ ಈಗ ಎಷ್ಟು ಮಂದಿಯೆಂದು ಆ ಮೆಕ್ಯಾನಿಕರನ್ನು ಕೇಳಿದಾಗ ಅವರು ಬೆರಳೆಣಿಸಿ ಎರಡಕ್ಕೆ ನಿಲ್ಲಿಸಿದರು. ಹಳೆಯ ಸೂಜಿಯ ಬುಡದಲ್ಲಿ ಅದರ ಜಾತಿಯನ್ನು ತಿಳಿಸುವ ಅಕ್ಷರಗಳು ಕೊರೆದಿದ್ದವು. ಅವುಗಳ ನಕಲು ತೆಗೆದು, ಸೂಜಿಯನ್ನೂ ಸವೆದ ಜೆಟ್ಟನ್ನೂ ಒಂದು ಲಕೋಟೆಯಲ್ಲಿಟ್ಟು, ಮೇಲೆ ದಿನಾಂಕವನ್ನು ಬರೆದು, ಕಾರಿನ ಕಾಗದಪತ್ರಗಳೊಡನೆ ಇರಿಸಿದ್ದೇವೆ.